ತೇಗದ ನಡುವಿನ ಕಾವು

ಮುತ್ತಂಗದ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗ ಗುರುಬಸಮ್ಮ ಕಿಟಕಿಯಿಂದ ಇಣುಕಿ ನೋಡಿದಳು. ರಸ್ತೆಬದಿಯಲ್ಲಿ ‘ವಯನಾಡು ಜಿಲ್ಲೆ’ ಎಂಬ ಬೋರ್ಡು ನಿಲ್ಲಿಸಿದ್ದರು. ಬಣ್ಣ ಇನ್ನೂ ಹೊಸದು. ಜಿಲ್ಲೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಆಕೆ ಈ ದಾರಿಯಲ್ಲಿ ಹಿಂದೆ ಬಂದಾಗ ಜಿಲ್ಲೆಯೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಅಪ್ಪನ ಎತ್ತಿನ ಗಾಡಿಯಲ್ಲಿ ಉಪ್ಪಿನ ಮೂಟೆಗಳ ಮೇಲೆ ಕೂತು ಬಂದಿದ್ದಳು. ಆಗ ಅವಳಿಗೆ ಒಂಬತ್ತೋ ಹತ್ತೋ ವರ್ಷ.

ಅಪ್ಪ ಬಸವಯ್ಯ ಗುಂಡ್ಲುಪೇಟೆ ಕಡೆಯವನು. ಬೇಸಗೆ ಬಂತೆಂದರೆ ಉಪ್ಪು, ಬಟ್ಟೆ ಹೇರಿಕೊಂಡು ಕಾಡು ದಾಟಿ ಬತ್ತೇರಿ ತನಕ ಹೋಗಿ, ಬರುವಾಗ ಜೇನು, ಸೀಗೆಕಾಯಿ ತರುತ್ತಿದ್ದ. ಹೆಂಡತಿ ತೀರಿಕೊಂಡ ವರ್ಷ ಮಗಳನ್ನು ಬಿಟ್ಟುಬರಲು ಯಾರೂ ಇಲ್ಲದೆ ಗಾಡಿಯಲ್ಲಿ ಕೂರಿಸಿಕೊಂಡು ಹೊರಟಿದ್ದ. ಕಾಡಿನ ನಡುವೆ ಅವನಿಗೆ ಚಳಿಜ್ವರ ಹಿಡಿಯಿತು. ವಯನಾಡಿನ ಜ್ವರವೆಂದರೆ ಆಗ ಊರಿಗೆ ಊರೇ ಹೆದರುತ್ತಿತ್ತು. ಕಾಡಿನೊಳಗೇ ಬಾಳುತ್ತಿದ್ದ ಕಾಟುನಾಯಕರ ಒಂದು ಹಾಡಿಯವರು ಅವನನ್ನು ಗಾಡಿಯಿಂದ ಇಳಿಸಿ ಗುಡಿಸಲೊಳಗೆ ಮಲಗಿಸಿದರು. ಆ ಗುಡಿಸಲಿನ ಹೆಂಗಸು ಬೇರು ಕುದಿಸಿ ಕುಡಿಸಿದಳು. ಜ್ವರ ಇಳಿಯಲಿಲ್ಲ. ಒಂದು ಮುಂಜಾನೆ ಆಕೆ ಯಾರೊಡನೆಯೂ ಮಾತಾಡದೆ ಹತ್ತಿರದ ಮರಗಳ ಗುಂಪಿನೊಳಗೆ ಹೋದಳು. ಕೊಡಗಿನವರು ದೇವರಕಾಡು ಅನ್ನುವುದನ್ನು ಅಲ್ಲಿಯವರು ಕಾವು ಅನ್ನುತ್ತಾರೆ. ಗುಡಿಯಿಲ್ಲ, ಗಂಟೆಯಿಲ್ಲ, ಬರಿ ಮರಗಳು. ಆಕೆ ಹೊರಬಂದಾಗ ಬಿಸಿಲೇರಿತ್ತು. ಕೆಲವು ದಿನ ಕಳೆದು ಅಪ್ಪ ಎದ್ದು ಕೂತು ಗಂಜಿ ಕೇಳಿದ.

ಬೇರಿನಿಂದಲೋ ದೈವದಿಂದಲೋ ಗುರುಬಸಮ್ಮನಿಗೆ ಗೊತ್ತಿಲ್ಲ. ಆದರೆ ಗುರುತು ಪರಿಚಯವಿಲ್ಲದ ಉಪ್ಪಿನ ವ್ಯಾಪಾರಿಗಾಗಿ ಒಬ್ಬ ಹೆಂಗಸು ತನ್ನ ದೇವರ ಹತ್ತಿರ ಹೋಗಿದ್ದಳು ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದೆ ಮೈಸೂರಿನಲ್ಲಿ ಓದಿ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಾ, ಮದುವೆಯ ಯೋಚನೆ ಮಾಡದೆ ಉಳಿದ ವರ್ಷಗಳಲ್ಲಿ ಒಂದು ಸಣ್ಣ ಸರ್ವಧರ್ಮ ಪ್ರಾರ್ಥನಾ ಕೂಟ ಸೇರಿದಳು. ಭಾನುವಾರ ಬೆಳಿಗ್ಗೆ ಒಂದು ಬಾಡಿಗೆ ಹಾಲಿನಲ್ಲಿ ವಚನ ಹೇಳುವವರು, ಖುರಾನು ಓದುವವರು, ಬೈಬಲ್ ಓದುವವರು ಒಟ್ಟಿಗೆ ಚಾಪೆಯ ಮೇಲೆ ಕೂರುತ್ತಿದ್ದರು. ತಾಯಿ ಕಟ್ಟಿದ ಲಿಂಗ ಗುರುಬಸಮ್ಮನ ಕೊರಳಲ್ಲಿ ಹಾಗೇ ಇತ್ತು. ತೆಗೆಯಲು ಕಾರಣ ಸಿಕ್ಕಿರಲಿಲ್ಲ. ದೇವರು ಒಂದೇ, ಭೂಮಿ ಅದರ ಮನೆ, ಮರ ಕಡಿಯುವುದು ಗೋಡೆ ಕೆಡವಿದ ಹಾಗೆ ಎಂದು ಆಕೆ ಹೇಳುತ್ತಿದ್ದಳು. ಹಾಗೆ ಹೇಳಿದಾಗಲೆಲ್ಲ ಅವಳ ಕಣ್ಣ ಮುಂದೆ ಬರುತ್ತಿದ್ದುದು ಆ ಕಾವು, ಮತ್ತು ಆ ಹೆಂಗಸಿನ ಮಗಳು ಜಾನು. ಅಪ್ಪ ಜ್ವರದಲ್ಲಿ ಬಿದ್ದಿದ್ದಷ್ಟು ದಿನವೂ ಜಾನುವೇ ಅವಳ ಜೊತೆ. ಇಬ್ಬರೂ ತೊರೆಯಲ್ಲಿ ಏಡಿ ಹಿಡಿದಿದ್ದರು, ಕಾಡುಗೆಣಸು ಅಗೆದಿದ್ದರು. ಅಷ್ಟು ಹತ್ತಿರದ ಗೆಳತಿ ಗುರುಬಸಮ್ಮನಿಗೆ ಆಮೇಲೆ ಸಿಗಲಿಲ್ಲ.

ನಿವೃತ್ತಿಯಾದ ಮೇಲೆ ಆಸೆ ಗಟ್ಟಿಯಾಯಿತು. ಜಾನುವನ್ನು ನೋಡಬೇಕು. ಆ ಕಾವಿನೊಳಗೆ ಒಂದು ಸಲ ಕಾಲಿಡಬೇಕು. ಸಾಧ್ಯವಾದರೆ ಕೂಟದವರನ್ನೆಲ್ಲ ಕರೆತಂದು ಆ ಮರಗಳ ಕೆಳಗೆ ಒಂದು ಪ್ರಾರ್ಥನೆ ನಡೆಸಬೇಕು. ಶಿವರಾತ್ರಿ ಕಳೆದ ವಾರವೇ ಹೊರಟುಬಿಟ್ಟಳು. ದಾರಿಯುದ್ದಕ್ಕೂ ಕಾಡು ಒಣಗಿ ನಿಂತಿತ್ತು, ನಡುನಡುವೆ ಎಲೆಯಿಲ್ಲದ ಮುತ್ತುಗದ ಮರಗಳು ಮೈತುಂಬ ಕೆಂಪು ಹೂ ಹೊತ್ತಿದ್ದವು. ಎದುರಿನಿಂದ ಬಿದಿರು ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಬಂದವು. ಅವುಗಳಿಗೆ ದಾರಿ ಬಿಡಲು ಬಸ್ಸು ಪಕ್ಕಕ್ಕೆ ಸರಿದಾಗಲೆಲ್ಲ ಆಕೆ ಕಡಿದ ಬಿದಿರು ನೋಡಲಾರದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಚೆಕ್‌ಪೋಸ್ಟಿನಿಂದ ಸ್ವಲ್ಪ ಮುಂದೆ ದೊಡ್ಡಮ್ಮನ ಮಗ ಶಿವನಂಜಪ್ಪನ ದಿನಸಿ ಅಂಗಡಿ. ಅವನು ಎಳೆಯ ವಯಸ್ಸಿನಲ್ಲೇ ಗಡಿ ದಾಟಿ ಬಂದು ಇಲ್ಲಿ ಬೇರು ಬಿಟ್ಟವನು. ಅಕ್ಕನ ಚೀಲ ಇಳಿಸಿಕೊಳ್ಳುತ್ತಲೇ ಕಾರಣ ಕೇಳಿ ನಕ್ಕ.

“ಅಲ್ಲಕ್ಕ, ಮೈಸೂರಲ್ಲಿ ಚಾಮುಂಡಿ ಬೆಟ್ಟ ಇದೆ, ಚರ್ಚಿದೆ, ಮಸೀದಿ ಇದೆ. ಅದೆಲ್ಲ ಬಿಟ್ಟು ಈ ಆನೆ ಕಾಡಿಗೆ ದೇವರ ಹುಡುಕ್ಕೊಂಡು ಬಂದಿದೀಯಲ್ಲ!”

“ದೇವರನ್ನಲ್ಲ ಕಣೋ, ಜಾನೂನ.”

“ಜಾನು ಅನ್ನೋರು ಇಲ್ಲಿ ಮನೆಗೊಬ್ಬರು ಅವ್ರೆ. ವಯಸ್ಸಾದೋಳು ಅಂದ್ರೆ ಹಾಡಿ ಮಾದನ್ ಅವ್ವನೇ ಇರ್ಬೇಕು. ಅವ್ನು ಮೆಣಸು ಕೊಯ್ಯೋಕೆ ಪುಲ್ಪಳ್ಳಿಗೆ ಹೋಗಿದ್ದ, ಈಗ ಬಂದವ್ನೆ. ನಾಳೆ ಕರ್ಕೊಂಡು ಹೋಗ್ತೀನಿ.”

ಹಾಡಿ ಈಗ ಕಾಡಿನ ಒಳಗಿರಲಿಲ್ಲ. ಅಂಚಿನಲ್ಲಿ, ರಸ್ತೆಗೆ ಹತ್ತಿರವಾಗಿ, ಸಾಲಾಗಿ ಕಟ್ಟಿದ ಹೆಂಚಿನ ಮನೆಗಳಲ್ಲಿತ್ತು. ಕೊನೆಯ ಮನೆಯ ಮುಂದೆ ಒಬ್ಬ ಮುದುಕಿ ಕಾಲು ಚಾಚಿ ಬಿಸಿಲಿಗೆ ಮೊಣಕಾಲು ಒಡ್ಡಿ ಕೂತಿದ್ದಳು. ತನ್ನ ವಯಸ್ಸಿನವಳೇ ಎಂದುಕೊಂಡು ಬಂದ ಗುರುಬಸಮ್ಮನಿಗೆ ಒಂದು ಕ್ಷಣ ಇದು ಜಾನುವಿನ ತಾಯಿಯೇ ಅನ್ನಿಸಿತು. ಆಮೇಲೆ ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು ಕಂಡಿತು. ಕಲ್ಲಿನ ಮೇಲೆ ಜಾರಿಬಿದ್ದು ಆದ ಗಾಯ. ಬಿದ್ದಾಗ ಗುರುಬಸಮ್ಮ ಪಕ್ಕದಲ್ಲೇ ಇದ್ದಳು.

“ಜಾನು, ನಾನು ಗುರುಬಸಿ.”

ಜಾನು ಕಣ್ಣು ಕಿರಿದು ಮಾಡಿ ನೋಡಿದಳು. “ಯಾವ ಗುರುಬಸಿ?”

“ನಿಮ್ಮ ಗುಡಿಸಲಲ್ಲಿ ಇದ್ದೆವಲ್ಲ. ನಮ್ಮಪ್ಪನಿಗೆ ಜ್ವರ ಬಂದಿತ್ತು.”

“ಜ್ವರ ಬಂದೋರು ಬೇಕಾದಷ್ಟು ಜನ. ನಾ ಅರಿಯೆ ಅವ್ವಾ.”

“ನಾವಿಬ್ಬರೂ ತೊರೆಯಲ್ಲಿ ಏಡಿ ಹಿಡೀತಿದ್ದೆವು. ಗೆಣಸು ಅಗೆಯೋದು ನೀನೇ ನಂಗೆ ಹೇಳಿಕೊಟ್ಟಿದ್ದೆ.”

“ಏಡಿ ಎಲ್ಲಾರೂ ಇಡೀತಾರೆ,” ಎಂದಳು ಜಾನು. ಮಾತಿನಲ್ಲಿ ಮರುಕವಿತ್ತು, ನೆನಪಿರಲಿಲ್ಲ.

ಗುರುಬಸಮ್ಮ ಜಗಲಿಯ ಮೇಲೆ ಕೂತಳು. ಇಷ್ಟು ವರ್ಷ ಮನಸ್ಸಿನಲ್ಲಿಟ್ಟು ಸಾಕಿದ ಗೆಳೆತನದಲ್ಲಿ ತಾನು ಒಬ್ಬಳೇ ಇದ್ದೆನಲ್ಲ ಅನ್ನಿಸಿತು. ಹೊರಟುಬಿಡೋಣ ಎಂದು ಶಿವನಂಜಪ್ಪನತ್ತ ತಿರುಗಿದಳು. ಅವನು ಅಕ್ಕನ ಮುಖ ನೋಡಲಾಗದೆ ಜಾನುವಿಗೆ ಹೇಳಿದ, “ಉಪ್ಪು ತರ್ತಿದ್ದ ಬಸವಯ್ಯ ಅಂತ ಇದ್ರಲ್ಲವ್ವ, ಗುಂಡ್ಲುಪೇಟೆಯೋರು, ಅವರ ಮಗಳು.”

ಜಾನುವಿನ ಮುಖವೇ ಬದಲಾಯಿತು.

“ಉಪ್ಪಿನ ಗಾಡಿ! ಅದ್ರ ಒಂದು ಎತ್ತಿಗೆ ಕೊಂಬು ಮುರ್ದಿತ್ತು. ನನ್ನ ಕೈಯಿಂದ ಬಿದಿರೆಲೆ ತಿನ್ತಿತ್ತು. ಅದು ಸತ್ತೋಯ್ತಾ?”

“ಎಂದೋ ಸತ್ತಿತು.”

“ಪಾವಂ, ಪಾಪ ಅದು,” ಎಂದಳು ಜಾನು, ನಿನ್ನೆ ಸತ್ತ ಸುದ್ದಿ ಕೇಳಿದ ಹಾಗೆ.

ಎತ್ತಿನ ಕೊಂಬು ಮುರಿದಿದ್ದುದು ಗುರುಬಸಮ್ಮನಿಗೆ ನೆನಪೇ ಇರಲಿಲ್ಲ. ಆ ಎತ್ತಿನ ಮೇಲೆ ಸಣ್ಣ ಹೊಟ್ಟೆಕಿಚ್ಚು ಬಂತು. ಮರುಕ್ಷಣ ತನ್ನ ಹೊಟ್ಟೆಕಿಚ್ಚಿಗೆ ತಾನೇ ನಕ್ಕಳು. ಜಾನುವೂ ನಕ್ಕಳು, ಯಾಕೆಂದು ಕೇಳಲಿಲ್ಲ. ಮಾದನ್ ಒಳಗಿನಿಂದ ಕರಿಕಾಪಿ ತಂದುಕೊಟ್ಟ.

ಕಾಪಿ ಕುಡಿಯುತ್ತಾ ಗುರುಬಸಮ್ಮ ಬಂದ ವಿಷಯ ಹೇಳಿದಳು. ತಮ್ಮ ಕೂಟದಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ, ಎಲ್ಲ ದೇವರೂ ಒಂದೇ ಎಂದು ನಂಬುತ್ತಾರೆ, ಒಪ್ಪಿದರೆ ಒಂದು ಸಲ ಕಾವಿಗೆ ಬಂದು ಅಲ್ಲಿ ಸುಮ್ಮನೆ ಕೂತು ಪ್ರಾರ್ಥನೆ ಮಾಡಿ ಹೋಗುತ್ತಾರೆ, ಒಂದು ಎಲೆಯನ್ನೂ ಕೀಳುವುದಿಲ್ಲ.

ಜಾನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಲೆಯಾಡಿಸಿದಳು.

“ಬೇಡ ಅವ್ವಾ. ನಮ್ಮ ದೈವಕ್ಕೆ ಬೇರೆಯೋರು ಬಂದ್ರೆ ಆಗಲ್ಲ.”

“ಕೋಪ ಬರುತ್ತಾ?”

“ಕೋಪ ಅಲ್ಲ. ನಾಚ್ಕೆ. ಅದಕ್ಕೆ ಜನ ಕಂಡ್ರೆ ನಾಚ್ಕೆ. ನಮ್ಮೋರೂ ತುಂಬ ಜನ ಒಟ್ಟಿಗೆ ಓಗಲ್ಲ. ಒಬ್ಬರು ಓಗಿ ಬತ್ತೀವಿ, ಅಷ್ಟೆ.”

ಭಯಂಕರ ದೇವರುಗಳನ್ನು ಗುರುಬಸಮ್ಮ ಕೇಳಿದ್ದಳು, ಕರುಣೆಯ ದೇವರುಗಳನ್ನು ಕೇಳಿದ್ದಳು. ನಾಚಿಕೆಯ ದೇವರನ್ನು ಕೇಳಿದ್ದು ಇದೇ ಮೊದಲು. ವಾದ ಮಾಡಬೇಕೆಂದಿದ್ದವಳು ಕಾಪಿ ಲೋಟ ಕೆಳಗಿಟ್ಟಳು. ಬಾಗಿಲ ಹಿಂದೆ ನಿಂತ ಹೊಸ ಸೊಸೆಯನ್ನು ಕೈಹಿಡಿದು ಎಳೆದು ಹತ್ತು ಜನರ ಮುಂದೆ ನಿಲ್ಲಿಸುವ ಕೆಲಸ ಇದು ಅನ್ನಿಸಿತು. ಆದರೂ ಒಳಗೊಂದು ಕಡೆ ನೋವಾಯಿತು. ಎಲ್ಲರನ್ನೂ ಒಳಗೆ ಬಿಟ್ಟುಕೊಂಡವಳು ತಾನು. ತನ್ನನ್ನೇ ಹೊರಗೆ ನಿಲ್ಲಿಸಿದರಲ್ಲ.

“ನೀನು ಹೋಗಿ ಎಷ್ಟು ದಿನವಾಯ್ತು?” ಎಂದು ಕೇಳಿದಳು.

ಜಾನು ಮೊಣಕಾಲು ನೀವಿಕೊಂಡಳು. ಮಾದನ್ ಹೇಳಿದ. ಫಾರೆಸ್ಟಿನವರು ಹಳೆಯ ಹಾಡಿ ಎಬ್ಬಿಸಿದ ಮೇಲೆ ಅಲ್ಲೆಲ್ಲ ತೇಗ ನೆಟ್ಟಿದ್ದಾರೆ. ಕಾವು ಮಾತ್ರ ನಡುವೆ ಉಳಿದಿದೆ. ದಾರಿಗೆ ಗೇಟು ಬಿದ್ದಿದೆ. ಒಳಗೆ ಹೋಗಲು ಅನುಮತಿ ಬೇಕು, ಕೇಳಿದರೆ ಯಾಕೆ ಏನು ಎಂದು ನೂರು ಪ್ರಶ್ನೆ. ಕದ್ದು ಹೋದರೆ ಬೇಟೆಗೆ ಬಂದವರೆಂದು ಹಿಡಿಯುತ್ತಾರೆ. ಸುತ್ತುಬಳಸಿ ನಡೆಯುವ ಶಕ್ತಿ ಅಮ್ಮನ ಕಾಲಿಗಿಲ್ಲ.

“ಅಪ್ಪ ಸತ್ತ ಮಳೆಗಾಲ ಅಮ್ಮ ಓಗಿದ್ದು. ಆಮೇಲೆ ಓಗಿಲ್ಲ,” ಎಂದ.

“ದೈವ ಅದೊಂದೇ ಐತೆ ಅಲ್ಲಿ,” ಎಂದಳು ಜಾನು. “ಮಾತಾಡ್ಸೋರು ಯಾರೂ ಇಲ್ಲ.”

ಆ ಮಾತನ್ನು ಆಕೆ ದೂರಿನಂತೆ ಹೇಳಲಿಲ್ಲ. ದೂರದ ಊರಿಗೆ ಕೊಟ್ಟ ಮಗಳನ್ನು ನೆನೆಸಿಕೊಂಡ ಹಾಗೆ ಹೇಳಿದಳು. ಗುರುಬಸಮ್ಮನಿಗೆ ತನ್ನ ಆಸೆಯ ಪಕ್ಕದಲ್ಲಿ ಇನ್ನೊಂದು ಆಸೆ ಕೂತಿರುವುದು ಕಂಡಿತು, ತನ್ನದಕ್ಕಿಂತ ಹಳೆಯದು, ತನ್ನದಕ್ಕಿಂತ ಹೆಚ್ಚು ಹಕ್ಕಿನದು.

ಮಧ್ಯಾಹ್ನವೇ ಶಿವನಂಜಪ್ಪನ ಜೊತೆ ಫಾರೆಸ್ಟ್ ಆಫೀಸಿಗೆ ಹೋದಳು. ಅಲ್ಲಿದ್ದ ಗಾರ್ಡ್ ಪದ್ಮನಾಭನ್ ಶಿವನಂಜಪ್ಪನ ಅಂಗಡಿಯ ಗಿರಾಕಿ. ಕನ್ನಡ ಮಲಯಾಳ ಎರಡನ್ನೂ ಕಲಸಿ ಮಾತಾಡುತ್ತಿದ್ದ. ಮೈಸೂರಿನ ನಿವೃತ್ತ ಜೀವಶಾಸ್ತ್ರದ ಟೀಚರ್, ಮರಗಿಡ ನೋಡಲು ಬಂದಿದ್ದಾರೆ ಎಂದು ಶಿವನಂಜಪ್ಪ ಹೇಳಿದ್ದೇ ತಡ, ಅವನು ಎದ್ದು ಕುರ್ಚಿ ಕೊಟ್ಟ.

“ಟೀಚರಿಗೆ ಎಂತಾ ತೊಂದರೆ? ಬರಬಹುದಲ್ಲ. ನಾಳೆ ಕಾಳ್ಗಿಚ್ಚು ತಡೆಯುವ ಬೆಂಕಿರೇಖೆ ಕೆಲಸಕ್ಕೆ ನಮ್ಮ ಜೀಪು ಹೋಗ್ತದೆ, ಅದರಲ್ಲೇ ಕೂತ್ಕೊಳ್ಳಿ. ರೇಂಜರ್ ಸಾರಿಗೆ ನಾನೇ ಹೇಳ್ತೇನೆ.”

“ನನ್ನ ಜೊತೆ ಜಾನು ಬರ್ತಾಳೆ.”

“ಯಾವ ಜಾನು?”

ಗುರುಬಸಮ್ಮನಿಗೆ ಹೇಳಬೇಕಾದ ಮಾತು ಗೊತ್ತಿತ್ತು. ಅದು ಅವಳ ದೈವ, ಅವಳು ನೋಡಬೇಕು ಎನ್ನಬೇಕಿತ್ತು. ಆದರೆ ಹಾಗೆಂದರೆ ಕೆಲಸ ಕೆಡಬಹುದು. “ದಾರಿ ತೋರಿಸೋಕೆ,” ಎಂದಳು.

“ಅದು ಸಾರಮಿಲ್ಲ, ಪರವಾಗಿಲ್ಲ, ಕರ್ಕೊಂಡು ಬನ್ನಿ,” ಎಂದ ಪದ್ಮನಾಭನ್.

ಹೊರಗೆ ಬಂದ ಮೇಲೆ ಆಕೆಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು. ನಿನ್ನೆ ಬಸ್ಸಿನಿಂದ ಇಳಿದವಳಿಗೆ ಕುರ್ಚಿ, ಜೀಪು. ಅಲ್ಲೇ ಹುಟ್ಟಿದವಳಿಗೆ ದಾರಿ ತೋರಿಸುವ ನೆಪ. ಸಂಜೆ ಹಾಡಿಗೆ ಹೋಗಿ ತಲೆ ತಗ್ಗಿಸಿಯೇ ಇದನ್ನೆಲ್ಲ ಹೇಳಿದಳು. ಜಾನುವಿಗೆ ಅವಮಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

“ಆನೆ ಮೇಲೆ ಕೂರ್ಸಿ ಕರ್ಕೊಂಡೋದ್ರೂ ಆಯ್ತು. ಅಲ್ಲಿಗೋದ್ರೆ ಸಾಕು,” ಎಂದಳು.

ಮರುದಿನ ಬೆಳಿಗ್ಗೆ ಜಾನು ತೊಳೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಕಾಯುತ್ತಿದ್ದಳು. ಮಾದನ್ ಎತ್ತಿ ಜೀಪಿನಲ್ಲಿ ಕೂರಿಸಿದ. ಗೇಟು ದಾಟುತ್ತಿದ್ದಂತೆ ತೇಗದ ತೋಪು ಶುರುವಾಯಿತು. ಒಂದೇ ಎತ್ತರದ, ಒಂದೇ ವಯಸ್ಸಿನ ಮರಗಳು, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಎಲೆ ಉದುರಿಸಿ ಬೋಳಾಗಿದ್ದವು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಜಾನು ಒಂದು ಕಡೆ ಕೈ ತೋರಿಸಿ, “ಇಲ್ಲಿ ನಮ್ಮ ಗುಡ್ಲು,” ಎಂದಳು. ಗುರುಬಸಮ್ಮ ಆತುರದಿಂದ ತಿರುಗಿ ನೋಡಿದಳು. ಅಪ್ಪ ಜ್ವರದಲ್ಲಿ ಮಲಗಿದ್ದ ಜಾಗ. ಅಲ್ಲೂ ತೇಗ. ಒಲೆಯ ಕಲ್ಲೊಂದೂ ಕಾಣಲಿಲ್ಲ. ಜೀಪು ನಿಲ್ಲಲಿಲ್ಲ.

ಕಾವು ದೂರದಿಂದಲೇ ಕಂಡಿತು. ಬೂದುಬಣ್ಣದ ತೋಪಿನ ನಡುವೆ ದಟ್ಟ ಹಸಿರಿನ ಒಂದು ಗುಡ್ಡೆ. ಬಳ್ಳಿಗಳು ಮರದಿಂದ ಮರಕ್ಕೆ ಹೆಣೆದುಕೊಂಡು ಗೋಡೆಯಾಗಿದ್ದವು. ಒಳಗಿನಿಂದ ಹಕ್ಕಿಗಳ ಗದ್ದಲ ಕೇಳುತ್ತಿತ್ತು. ಸುತ್ತಲಿನ ಕಾಡು ಬಿಟ್ಟುಬಂದವೆಲ್ಲ ಇಲ್ಲಿ ಸೇರಿದಂತಿತ್ತು. ಗುರುಬಸಮ್ಮ ಸೀಟಿನಿಂದ ಮುಂದೆ ಬಾಗಿದಳು. ಅದೇ. ಚಿಕ್ಕದಾಗಿದೆ, ಆದರೆ ಅದೇ.

ಜಾನು ಕೋಲೂರಿಕೊಂಡು ಇಳಿದಳು. ಮಾದನ್ ಆಸರೆ ಕೊಡಲು ಹೋದರೆ ಬೇಡವೆಂದಳು. ಒಂದೊಂದೇ ಹೆಜ್ಜೆ ಇಡುತ್ತಾ ಬಳ್ಳಿಗಳ ನಡುವಿನ ಸಂದಿಯತ್ತ ನಡೆದಳು. ಗುರುಬಸಮ್ಮನಿಗೆ ಗೊತ್ತಾಗುವ ಮೊದಲೇ ಅವಳ ಕಾಲುಗಳು ಹಿಂದೆ ಹೊರಟಿದ್ದವು. ಸಂದಿಯ ಹತ್ತಿರ ಜಾನು ನಿಂತು ಹಿಂದೆ ತಿರುಗಿದಳು. ಗದರಿಕೆ ಇರಲಿಲ್ಲ ಆ ನೋಟದಲ್ಲಿ. ಗುರುಬಸಮ್ಮ ನಿಂತಳು. ತಣ್ಣನೆಯ ಗಾಳಿ ಒಳಗಿನಿಂದ ಬಂದು ಮುಖಕ್ಕೆ ತಾಕಿತು, ಕೊಳೆತ ಎಲೆಯ, ಯಾವುದೋ ಹೂವಿನ ವಾಸನೆ. ಕೈ ಚಾಚಿದರೆ ಮುಟ್ಟಬಹುದಿತ್ತು. ಜಾನು ಬಗ್ಗಿ ಒಳಹೊಕ್ಕಳು, ಬಳ್ಳಿಗಳು ಅವಳ ಹಿಂದೆ ಮುಚ್ಚಿಕೊಂಡವು.

ಗುರುಬಸಮ್ಮ ಹಿಂದಿರುಗಿ ಒಂದು ತೇಗದ ಬುಡದಲ್ಲಿ ಕೂತಳು. ಜೀಪಿಗೆ ಒರಗಿ ನಿಂತಿದ್ದ ಪದ್ಮನಾಭನ್, “ನಾನೂ ಒಳಗೆ ಹೋದವನಲ್ಲ ಟೀಚರೇ,” ಎಂದ. “ಹುಲಿಗೂ ಹೆದರ್ತೇನೆ, ಅದಕ್ಕೂ ಹೆದರ್ತೇನೆ.” ಆಕೆಗೆ ಹೆದರಿಕೆ ಇರಲಿಲ್ಲ. ಹಸಿದವರಿಗೆ ಪಕ್ಕದ ಮನೆಯ ಒಗ್ಗರಣೆ ವಾಸನೆ ಬಂದಾಗ ಆಗುತ್ತದಲ್ಲ, ಅಂಥದ್ದು ಆಗುತ್ತಿತ್ತು. ಲಿಂಗವನ್ನು ಸೀರೆಯ ಮೇಲಿನಿಂದಲೇ ಮುಟ್ಟಿಕೊಂಡಳು. ಪ್ರಾರ್ಥನೆಯ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಬಂತು.

ಜಾನು ಬಹಳ ಹೊತ್ತಿನ ಮೇಲೆ ಹೊರಬಂದಳು. ಸುತ್ತ ಎಲ್ಲಿ ನೋಡಿದರೂ ಧೂಳು. ಅವಳ ಪಾದಗಳಿಗೆ ಮಾತ್ರ ಹಸಿ ಕೆಸರು ಮೆತ್ತಿತ್ತು. ಒಳಗೆ ನೀರಿದೆ ಎಂದು ಗುರುಬಸಮ್ಮನಿಗೆ ತಿಳಿದದ್ದು ಹಾಗೆ. ಈ ಬೇಸಗೆಯಲ್ಲೂ ನೀರಿದೆ.

“ಏನು ಕೇಳಿಕೊಂಡೆ ಜಾನು?”

“ಕೇಳೋಕೇನೈತೆ? ಬಂದಿವ್ನಿ ಅಂತ ಯೋಳ್ದೆ.” ಜಾನು ಅವಳ ಪಕ್ಕ ಕಷ್ಟಪಟ್ಟು ಕೂತಳು. ಬೆಂಕಿರೇಖೆಯ ಕಡೆ ಹೋಗಬೇಕು, ಹೊತ್ತಾಯಿತು ಎಂದು ಪದ್ಮನಾಭನ್ ಕರೆಯುವವರೆಗೂ ಜಾನುವಿನ ಕೈ ಗುರುಬಸಮ್ಮನ ಮಂಡಿಯ ಮೇಲಿತ್ತು. ಅದು ಹಳೆಯ ಗೆಳೆತನದ ಕೈಯಲ್ಲ. ಹೊಸದು. ಗುರುಬಸಮ್ಮ ಅದನ್ನು ಹಾಗೆಯೇ ಒಪ್ಪಿಕೊಂಡಳು.

ಮೈಸೂರಿಗೆ ಮರಳಿದ ಭಾನುವಾರ ಕೂಟದವರು ಯಾವಾಗ ಹೊರಡುವುದು ಎಂದು ಕೇಳಿದರು.

“ಹೋಗೋದು ಬೇಡ,” ಎಂದಳು.

“ಯಾಕೆ, ಜಾಗ ಚೆನ್ನಾಗಿಲ್ವಾ?”

“ಚೆನ್ನಾಗಿದೆ. ಅದಕ್ಕೇ.”

ಆ ದಿನ ಎಲ್ಲ ಪ್ರಾರ್ಥನೆಗಳೂ ಮುಗಿದ ಮೇಲೆ, ನಮಗೆ ಹೆಸರು ಹೇಳದ ದೇವರುಗಳಿಗಾಗಿ ಸ್ವಲ್ಪ ಹೊತ್ತು ಸುಮ್ಮನಿರೋಣ ಎಂದು ಕೇಳಿಕೊಂಡಳು. ಕೆಲವರಿಗೆ ಹಿಡಿಸಿತು. ಒಬ್ಬಿಬ್ಬರಿಗೆ ಇದೆಂಥದು ಅನ್ನಿಸಿತು. ಆದರೂ ಸುಮ್ಮನೆ ಕೂತರು.

ಅಂದಿನಿಂದ ಪ್ರತಿ ವರ್ಷ ಮೆಣಸಿನ ಕೊಯ್ಲು ಮುಗಿಯುವ ಹೊತ್ತಿಗೆ ಗುರುಬಸಮ್ಮ ಮುತ್ತಂಗದ ಬಸ್ಸು ಹತ್ತಿದಳು. ಟೀಚರ್ ಗಿಡ ನೋಡಲು ಬಂದರೆಂದು ಗೇಟು ತೆರೆಯುತ್ತಿತ್ತು, ದಾರಿ ತೋರಿಸುವವಳೆಂದು ಜಾನು ಒಳಗೆ ಹೋಗುತ್ತಿದ್ದಳು. ಹಾಡಿಯವರೇ ಬೇಕಾದಾಗ ಹೋಗಿಬರುವ ಹಾಗೆ ಮಾಡಿಕೊಡಿ ಎಂದು ಆಕೆ ಬಂದ ಬಂದ ಅಧಿಕಾರಿಗಳನ್ನೆಲ್ಲ ಕೇಳಿದಳು. ಎಲ್ಲರೂ ನೋಡೋಣ ಎಂದರು. ಒಬ್ಬ ಅಧಿಕಾರಿ ನಿಜವಾಗಿಯೂ ನೋಡಿದ. ಹಾಡಿಯವರನ್ನು ಕಾವಿನ ದಾರಿಯಲ್ಲಿ ತಡೆಯಬೇಡಿ ಎಂದು ಗಾರ್ಡುಗಳಿಗೆ ಹೇಳಿಹೋದ. ಆ ಹೊತ್ತಿಗೆ ಜಾನುವಿಗೆ ಏಳಲು ಆಗುತ್ತಿರಲಿಲ್ಲ. ಆ ಮಳೆಗಾಲದಲ್ಲಿ ತೀರಿಕೊಂಡಳು. ಶಿವನಂಜಪ್ಪನಿಂದ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೇಸಗೆಯಲ್ಲಿ ಗುರುಬಸಮ್ಮ ಮತ್ತೆ ಹೋದಳು. ಹೋಗಬೇಕಾದ ಕಾರಣವಿರಲಿಲ್ಲ, ಹೋಗದೆ ಇರಲಾಗಲಿಲ್ಲ. ಮಾದನ್ ಅವಳನ್ನು ಕಾವಿನ ತನಕ ನಡೆಸಿಕೊಂಡು ಬಂದ. ಗಾರ್ಡ್ ಇಲ್ಲ, ಜೀಪಿಲ್ಲ, ಇಬ್ಬರೇ. ಸಂದಿಯ ಹತ್ತಿರ ಅವನು ನಿಂತ.

“ನೀನೂ ಬಾ ಅವ್ವಾ,” ಎಂದ. “ಅಮ್ಮ ಈಗಿಲ್ಲ. ನಾ ಬೇಡ ಅನ್ನಲ್ಲ. ಇಷ್ಟು ವರ್ಷ ಬಂದಿದೀಯ.”

ಗುರುಬಸಮ್ಮ ಸಂದಿಯತ್ತ ನೋಡಿದಳು. ಬಳ್ಳಿಗಳ ನಡುವಿನ ಕತ್ತಲು, ಅದರಾಚೆ ಎಲ್ಲೋ ಹೊಳೆದ ನೀರು, ಎಲ್ಲವೂ ಒಂದು ಹೆಜ್ಜೆಯಷ್ಟು ದೂರ. ಇಡೀ ಜೀವಮಾನ ಬೇಡಿದ್ದು.

“ನಿಮ್ಮಮ್ಮ ಬೇಡ ಅಂದಿದ್ದಳು ಮಗ. ಅವಳು ಹೇಳಿದ್ದೇ ಇರಲಿ. ನೀನು ಹೋಗಿ ಬಾ.”

ಮಾದನ್ ಇನ್ನೊಂದು ಸಲ ಕರೆಯಲಿಲ್ಲ. ಒಳಗೆ ಹೋದ. ಗುರುಬಸಮ್ಮ ಅಲ್ಲೇ ಒಂದು ಬುಡದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವನ ದನಿ ಕೇಳಿಸಿತು. ತಾಯಿ ಸತ್ತದ್ದನ್ನು ಹೇಳುತ್ತಿದ್ದಾನೆ. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ಕಿವಿಗೊಟ್ಟರೆ ಒಂದೊಂದು ಶಬ್ದವೂ ತಿಳಿಯುವಂತಿತ್ತು.

ಆಕೆ ನೆಲಕ್ಕೆ ಕೈಯೂರಿ ಎದ್ದಳು. ಒಣಗಿದ ತೇಗದೆಲೆ ಸದ್ದಾಗದ ಹಾಗೆ ಮೆಲ್ಲಗೆ ಹೆಜ್ಜೆಯಿಡುತ್ತಾ, ಆ ಮಾತು ಕೇಳಿಸದಷ್ಟು ದೂರ ಹೋಗಿ ನಿಂತಳು.